ಗಿಟಾರ್ ಇಲ್ಲದ ‘ಜಾಗಾ’

ಗದಗ, ನೆರಳುಕಾಲದ ಎಂಬತ್ತಮೂರನೆಯ ವರ್ಷ, ಸುಡುಚೈತ್ರದ ಬಹುಳ ಪಕ್ಷ.
ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ 2191.

ನೀಲಗಂಗಾ ಹೂಗಾರ ಅವರಿಗೆ ಸಾವಂತ್ರಿ ಬಿಂಕದಕಟ್ಟಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ನಿಮಗೆ ಅನಿಸಿದರೆ ತಪ್ಪಿಲ್ಲ. ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ವಿದ್ಯೆ ನಮಗೂ ಒಲಿದಿಲ್ಲ. ಆದರೂ ಬರೆಯುತ್ತಿದ್ದೇನೆ. ನಾನು ಹೇಳಬೇಕಾದ್ದನ್ನು ಕೇಳಬೇಕಾದವರು ನೀವೊಬ್ಬರೇ, ಮತ್ತು ನೀವು ಇಲ್ಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ನನಗೆ ತಿಳಿಯದು. ನೀವು ನನಗಿಂತ ನೂರೆಪ್ಪತ್ತು ವರ್ಷಗಳ ಹಿಂದಿನವರು. ಆದರೆ ನನ್ನ ಬಳಿ ಇರುವ ನಿಮ್ಮ ದನಿಗೆ ಇಪ್ಪತ್ತಾರರ ವಯಸ್ಸು, ನನಗೆ ಐವತ್ತು ದಾಟಿದೆ. ಅಕ್ಕ ಎನ್ನಲೂ ಆಗದು, ತಂಗಿ ಎನ್ನಲೂ ಆಗದು.

ನಮ್ಮ ಊರನ್ನು ನೀವು ಬಲ್ಲಿರಿ. ನಿಮ್ಮ ಜೊತೆ ಗಿಟಾರ್ ನುಡಿಸುತ್ತಿದ್ದ ಸ್ಯಾಮ್ಸನ್ ಅವರ ಬೆಟಗೇರಿ ಈಗಲೂ ಇದೆ, ಇಗರ್ಜಿಯ ಗೋಡೆಯೂ ಅರ್ಧ ನಿಂತಿದೆ. ಆದರೆ ಬಿಸಿಲೇರಿದ ಮೇಲೆ ಬೀದಿಯಲ್ಲಿ ಯಾರೂ ಕಾಣುವುದಿಲ್ಲ. ಬೆಳಗಿನ ಕೆಲಸ ಮುಗಿಸಿ ಎಲ್ಲರೂ ನೆಲಮನೆಗಳಿಗೆ, ಅಂದರೆ ಮನೆಯ ಕೆಳಗೆ ಅಗೆದ ಕೋಣೆಗಳಿಗೆ, ಇಳಿಯುತ್ತೇವೆ. ಸಂಜೆಯವರೆಗಿನ ಆ ಸಮಯಕ್ಕೆ ನೆರಳುಹೊತ್ತು ಎಂದು ಹೆಸರು. ಒದ್ದೆ ಚಾಪೆಯ ಮೇಲೆ ಮಲಗಿ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ಗುರೆಳ್ಳು ಚಟ್ನಿಯ ಜೊತೆ ತಿಂದು, ಗೋಡೆಕೊರಳಿಗೆ ಕಿವಿಕೊಡುತ್ತೇವೆ. ಗೋಡೆಕೊರಳು ಎಂದರೆ ಗೋಡೆಗೆ ಅಂಟಿಸಿದ ತೆಳ್ಳನೆಯ ಹಾಳೆ. ಊರಿನ ದನಿಮನೆಯಿಂದ ಕಳಿಸಿದ ಹಾಡು, ಮಾತು ಅದರಲ್ಲಿ ಕೇಳಿಸುತ್ತದೆ. ಕೇಳಿದವರು ತಮ್ಮ ಅಭಿಪ್ರಾಯವನ್ನು ಅದಕ್ಕೇ ಹೇಳಿ ಕಳಿಸಬಹುದು. ಹಳೆಯ, ಕೆಟ್ಟುಹೋದ ಮುದ್ರಣಗಳನ್ನು ಸರಿಪಡಿಸುವ ಆ ದನಿಮನೆಯಲ್ಲಿ ನಾನು ಹೊಲಿಗೆಯವಳು. ಹರಿದ ದನಿಯನ್ನು ಹೊಲಿಯುವ ಕೆಲಸ. ನಮ್ಮ ಓಣಿಯ ಜನರೆಲ್ಲ ನೀರು ಹುಡುಕಿಕೊಂಡು ಭದ್ರೆಯ ಕಡೆ ಹೋದರು. ಕೆಲಸವಿದೆಯೆಂದು ನಾನು ಉಳಿದೆ. ನಾಲ್ಕು ಕೋಣೆಗಳ ನೆಲಮನೆಯಲ್ಲಿ ಒಬ್ಬಳೇ ಇದ್ದೇನೆ. ಗೋಡೆಕೊರಳು ಸುಮ್ಮನಾದಾಗ ಪಕ್ಕದ ಖಾಲಿ ಮನೆಯ ತೊಟ್ಟಿಯಲ್ಲಿ ಹನಿ ಬೀಳುವುದು ಕೇಳಿಸುತ್ತದೆ.

ನನಗೆ ಮೊದಲು ಸಿಕ್ಕಿದ್ದು ನಿಮ್ಮ ಹಾಡುಗಳಲ್ಲ, ನಿಮಗೆ ಬಿದ್ದ ಬೈಗುಳ. ನಿಮ್ಮ ಕಾಲದ ಪತ್ರಿಕೆಗಳ ಬರಹ ಬಹಳಷ್ಟು ಉಳಿದುಕೊಂಡಿದೆ, ಅವು ಯಾವುದರ ಬಗ್ಗೆ ಬರೆದವೋ ಅದು ಉಳಿದಿಲ್ಲ. ಹುಬ್ಬಳ್ಳಿಯಲ್ಲಿ ನೀವು ಹಾಡುತ್ತಿದ್ದ ‘ತಲಿಬ್ಯಾನಿ’ ಎಂಬ ಹಾರ್ಡ್‌ಕೋರ್ ಪಂಕ್, ಅಂದರೆ ಗದ್ದಲದ, ಸಿಟ್ಟಿನ ಹಾಡುಗಳ, ಬ್ಯಾಂಡಿನ ಮೊದಲ ಆಲ್ಬಮ್ ‘ಹಲ್ಲು’ವನ್ನು ಎಲ್ಲರೂ ಹೊತ್ತು ಮೆರೆಸಿದ್ದರು. ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತದೆ, ಕೇಳಿದವನ ಕಿವಿ ಆಮೇಲೂ ಉರಿಯುತ್ತದೆ ಎಂದು ಹೊಗಳಿದ್ದರು. ಎರಡನೆಯದು ‘ಜಾಗಾ’. ಅದರ ಬಗ್ಗೆ ಒಬ್ಬರು ಬರೆದರು: “ಮೊದಲ ಆಲ್ಬಮ್ ಮುಖಕ್ಕೆ ಗುದ್ದಿತ್ತು, ಇದು ಬಾಗಿಲಲ್ಲಿ ನಿಂತು ಕೆಮ್ಮುತ್ತದೆ.” ಇನ್ನೊಬ್ಬರು, “ಗಿಟಾರ್ ನುಡಿಸುವವನು ಸಿಟ್ಟಾಗಿ ಎದ್ದುಹೋದಂತಿದೆ. ಆಂಪ್ಲಿಫೈಯರ್ ಆರಿಸುವುದನ್ನೂ ಮರೆತಿದ್ದಾರೆ” ಎಂದರು. ಮೂರನೆಯವರು ನಿಮ್ಮ ಕೂಗನ್ನು ಸಾವಿನ ಮನೆಯ ಹೆಂಗಸರು ಹಾಡಿಕೊಂಡು ಅಳುವುದಕ್ಕೆ ಹೋಲಿಸಿ, ಅದು ಅಲ್ಲಿಯೇ ಇರಲಿ, ವೇದಿಕೆಗೆ ಬೇಡ ಎಂದರು. ವರ್ಷಗಟ್ಟಲೆ ನಾನು ‘ಜಾಗಾ’ವನ್ನು ಈ ಮೂವರ ಮಾತಿನಲ್ಲೇ ಅರಿತಿದ್ದೆ. ಕೆಟ್ಟ ಆಲ್ಬಮ್ ಎಂದೇ ನಂಬಿದ್ದೆ.

ಕಳೆದ ವರ್ಷ ಕಡಲಾಚೆಯ ಬಾಂಡುಂಗ್ ನಗರದಿಂದ ಹಳೆಯ ಕ್ಯಾಸೆಟ್‌ಗಳ ಪ್ರತಿಗಳು ನಮ್ಮ ದನಿಮನೆಗೆ ಬಂದವು. ಅಲ್ಲಿನ ಬ್ಯಾಂಡಿನವರ ಜೊತೆ ನಿಮ್ಮ ಡ್ರಮ್ಮರ್ ಮೌಲಾಲಿ ನದಾಫ್ ಅಂಚೆಯಲ್ಲಿ ಟೇಪು ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಅದರಲ್ಲಿ ‘ಜಾಗಾ’ ಇತ್ತು. ನಮ್ಮ ಮುಖ್ಯಸ್ಥೆ ತಾರಾಮತಿ ಅಕ್ಕ ತಾವೇ ಕೂತು ಅದನ್ನು ಸರಿಪಡಿಸಿದರು. ಬಹಳ ಒಳ್ಳೆಯ ಹೆಂಗಸು, ನನಗೆ ಕೆಲಸ ಕಲಿಸಿದವರು. ಗಿಟಾರಿನ ಟ್ರ್ಯಾಕ್ ಅಳಿಸಿಹೋಗಿದೆ ಎಂದು ಅವರಿಗೆ ಅನಿಸಿತು. ಎಲ್ಲ ಹಾಡಿನಲ್ಲೂ ಗುಂಯ್ ಎನ್ನುವ ಸದ್ದನ್ನು ಕಸವೆಂದು ತೆಗೆದರು. ‘ಹಲ್ಲು’ವಿನ ಕೆಲವು ತುಣುಕುಗಳಿಂದ ಸ್ಯಾಮ್ಸನ್ ಅವರ ಕೈಯ ರೀತಿಯನ್ನು ಯಂತ್ರಕ್ಕೆ ಕಲಿಸಿ, ಹೊಸ ಗಿಟಾರ್ ಹೆಣೆದು ಕೂರಿಸಿದರು.

ಅದು ಗೋಡೆಕೊರಳಿನಲ್ಲಿ ಬಂದ ದಿನ ಊರಿಗೆ ಊರೇ ಎದ್ದು ಕೂತಿತು. ಮಲಗಿ ಕೇಳುವ ನಮ್ಮ ಜನ ಎದ್ದು ಕುಣಿದರು. ಲಕ್ಕುಂಡಿಯಿಂದ, ಮುಂಡರಗಿಯಿಂದ ಮೆಚ್ಚುಗೆ ಹರಿದು ಬಂತು. ನಿಮ್ಮ ಕಾಲದ ವಿಮರ್ಶಕರಿಗೆ ಕಿವಿಯೇ ಇರಲಿಲ್ಲ ಎಂದು ನಕ್ಕರು. ನಾನೂ ಕುಣಿದೆ, ಖಾಲಿ ನೆಲಮನೆಯಲ್ಲಿ.

ಆಮೇಲೆ ಅದೇ ಬಾಂಡುಂಗ್ ಸಂಗ್ರಹದ ತಳದಲ್ಲಿ ಮೌಲಾಲಿ ಅವರ ಒಂದು ಸಂದರ್ಶನ ಸಿಕ್ಕಿತು. ಅವರಾಗ ಮುದುಕರು. ಕೇಳುವವರ ದನಿ ಅಳಿದಿದೆ, ಇವರದು ಸ್ಪಷ್ಟವಾಗಿದೆ.

“ಸ್ಯಾಮ್ಸನ್ ಬೈಪಾಸಿನ್ಯಾಗ ಹ್ವಾದ್ರಿ. ಪ್ರಾಕ್ಟೀಸಿಗೆ ಬರಾಕತ್ತಿದ್ದ, ಲಾರಿ ಹೊಡೀತು. ಕ್ಯಾಸೆಟ್ ಮ್ಯಾಲೆ ನಾವು ಯಾರೂ ಹೆಸರು ಹಾಕ್ತಿದ್ದಿಲ್ಲ, ಹಿಂಗಾಗಿ ಹೊರಗಿನ ಮಂದಿಗೆ ಗೊತ್ತಾಗಲಿಲ್ಲ. ಎರಡನೇ ಆಲ್ಬಮ್ಮಿಗೆ ಬ್ಯಾರೆ ಹುಡುಗನ್ನ ಹುಡುಕೂಣು ಅಂದೆ. ನೀಲಾ ಅಂದ್ಲು, ‘ಅವನ ಜಾಗಾದಾಗ ಯಾರೂ ನಿಂದ್ರೂದು ಬ್ಯಾಡ.’ ನೀಲಾನ ಅಪ್ಪನ ವೆಲ್ಡಿಂಗ್ ಶೆಡ್ಡಿನ್ಯಾಗ ಸ್ಯಾಮ್ಸನ್ನನ ಆಂಪ್ ಹಚ್ಚಿಟ್ವಿ. ಗುಂಯ್ ಅಂತಿತ್ತು. ಅದರ ಮುಂದ ಮೈಕ್ ಇಟ್ಟು ಎಲ್ಲಾ ಹಾಡೂ ಹಾಡಿದ್ವಿ. ಅವನ ಪಾಳಿ ಬಂದಾಗ ಸುಮ್ಮನ ನಿಂತು, ಮತ್ತ ಹಿಡೀತಿದ್ವಿ.”

ಬೆಂಗಳೂರಿನ ಕಾರ್ಯಕ್ರಮದ ಬಗ್ಗೆಯೂ ಅವರು ಹೇಳಿದ್ದಾರೆ. ಆ ಹೊತ್ತಿಗೆ ವಿಮರ್ಶೆಗಳು ಬಂದಾಗಿತ್ತು. ಮುಂದೆ ನಿಂತ ಹುಡುಗರು “ಗಿಟಾರ್ ಎಲ್ಲಿ?” ಎಂದು ಚಪ್ಪಾಳೆ ಹಾಕುತ್ತ ಕೂಗಿದರು. ನೀವು ಶುರು ಮಾಡಿದ್ದ ಹಾಡನ್ನು ಕೊನೆಯವರೆಗೂ ಹಾಡಿ, ಮೈಕನ್ನು ನೆಲದ ಮೇಲಿಟ್ಟು ಇಳಿದುಬಿಟ್ಟಿರಿ.

“ರೈಲಿನ್ಯಾಗ ಅಂದೆ, ‘ನೀಲಾ, ಹೇಳಿಬಿಡೂಣು. ಹಿಂಗಾತು ಅಂತ ಗೊತ್ತಾದ್ರ ಯಾರೂ ನಗೂದಿಲ್ಲ.’ ಆಕಿ ಕಿಡಕ್ಯಾಗಿಂದ ಮಾರಿ ತಿರುಗಿಸಲಿಲ್ಲ. ‘ಸತ್ತಾಂವನ ಹೆಸರು ಹೇಳಿ ಮಾರ್ಕ್ಸ್ ಇಸಗೋಬೇಕೇನೋ?’ ಅಂದ್ಲು. ಅಷ್ಟರಿ. ಆಮ್ಯಾಲೆ ಆಕಿ ಹಾಡಲೇ ಇಲ್ಲ. ಮದುವಿ ಮನ್ಯಾಗ ಸುದ್ದಾ ಬಾಯಿ ತೆಗೀಲಿಲ್ಲ.”

ಇದು ನಿಮಗೆ ಇನ್ನೂ ಆಗಿಲ್ಲದಿದ್ದರೆ, ಮುಂದಾಗುವುದನ್ನು ಹೀಗೆ ಹೇಳಿದ್ದಕ್ಕೆ ಕ್ಷಮೆಯಿರಲಿ.

ನಾನು ಬಾಂಡುಂಗ್‌ನಿಂದ ಬಂದ ಪ್ರತಿಯನ್ನು ಹೊಲಿಗೆಯಿಲ್ಲದೆ ಹಾಕಿಕೊಂಡು ಕೇಳಿದೆ. ಡ್ರಮ್ ಓಡುತ್ತದೆ, ನೀವೇ ಮಿಡಿಯುವ ಬಾಸ್‌ನ ದಪ್ಪ ತಂತಿ ಅದರ ಬೆನ್ನು ಹತ್ತುತ್ತದೆ, ನೀವು ಕೂಗುತ್ತೀರಿ, ತಟ್ಟನೆ ಎಲ್ಲವೂ ನಿಲ್ಲುತ್ತದೆ. ಆ ಗುಂಯ್ ಒಂದೇ ಉಳಿಯುತ್ತದೆ. ಯಾರೋ ಈಗ ಬಂದಾರು ಎಂದು ಬಾಗಿಲ ಕಡೆ ನೋಡುವ ಹಾಗೆ ಆಗುತ್ತದೆ. ಯಾರೂ ಬರುವುದಿಲ್ಲ. ಮೌಲಾಲಿ ಕೋಲಿನಿಂದ ಕೋಲಿಗೆ ಬಡಿಯುತ್ತಾರೆ, ಹಾಡು ಮುಂದುವರಿಯುತ್ತದೆ. ನಮ್ಮ ಓಣಿಯವರು ಹೋದ ಮೇಲೆ ನನ್ನ ಮನೆಯೊಳಗೆ ಏನಿತ್ತೋ ಅದಕ್ಕೆ ಹೆಸರಿರಲಿಲ್ಲ. ಅದನ್ನು ಯಾರೋ ಮೊದಲೇ ನುಡಿಸಿಟ್ಟಿದ್ದರು. ನಾನು ಒದ್ದೆ ಚಾಪೆಯ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಮರುದಿನ ತಾರಾಮತಿ ಅಕ್ಕನ ಬಳಿ ಹೋಗಿ ಸಂದರ್ಶನ ಕೇಳಿಸಿ, ಗಿಟಾರ್ ತೆಗೆದುಬಿಡೋಣ ಎಂದೆ. ಅವರು ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು:

“ಸಾವಂತ್ರಿ, ಹುಡುಗ ಸತ್ತ. ನಾವು ಅವನ ಕೈಯಾಗ ಮತ್ತ ಗಿಟಾರ್ ಕೊಟ್ಟೀವಿ. ಇದರಾಗ ತಪ್ಪೇನೈತಿ?”

“ಅವರಿಗೆ ಅದು ಬ್ಯಾಡಾಗಿತ್ತಕ್ಕಾ. ಖಾಲಿ ಬಿಟ್ಟಾರಂದ್ರ ಬೇಕಂತ ಬಿಟ್ಟಾರ.”

“ಬ್ಯಾಡ ಅಂತ ಎಲ್ಲಿ ಅಂದಾರ? ಟೇಪಿನಾಗ ಅಂದಾರೇನು? ಅದು ಒಬ್ಬ ಮುದುಕನ ನೆನಪು. ನಮ್ಮ ಪದ್ಧತಿ ನಿನಗ ಗೊತ್ತೈತಲ್ಲ.”

ಪದ್ಧತಿ ಗೊತ್ತಿತ್ತು. ಒಮ್ಮೆ ಹಾಕಿದ ಹೊಲಿಗೆಯನ್ನು ಬಿಚ್ಚಬೇಕಾದರೆ ಮಾಡಿದವರ ಮಾತು ಆ ಕೃತಿಯ ಒಳಗೇ ಇರಬೇಕು. ಬೇರೆಯವರ ಸಾಕ್ಷಿ ನಡೆಯದು. ನೀವು ‘ಜಾಗಾ’ದೊಳಗೆ ಎಲ್ಲಿಯೂ ಸ್ಯಾಮ್ಸನ್ ಅವರ ಹೆಸರು ಹೇಳಿಲ್ಲ. ಹೇಳಬಾರದೆಂದೇ ಹೇಳಲಿಲ್ಲ.

ಆದರೂ ಅಕ್ಕ ನನ್ನ ಮೇಲಿನ ಪ್ರೀತಿಗೆ, ಒಂದು ನೆರಳುಹೊತ್ತಿನಲ್ಲಿ ಮೂಲವನ್ನು ಹಾಗೆಯೇ ಕಳಿಸಲು ಒಪ್ಪಿದರು. ಮುಂಚೆ ನಾನೇ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ವಿವರಿಸಿದೆ. ಎರಡನೆಯ ಹಾಡು ಮುಗಿಯುವುದರೊಳಗೆ ದೂರುಗಳು ಬರತೊಡಗಿದವು. ಮೂರನೆಯ ಹಾಡಿನ ಹೊತ್ತಿಗೆ ಗೋಡೆಕೊರಳಿನ ರಿಪೇರಿಯವನು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲೇ ದನಿಮನೆಗೆ ಓಡಿಬಂದ. “ಅವ್ವಾರ, ಊರ ತುಂಬ ಗೋಡಿ ಕೆಟ್ಟಾವಂತ. ಬರೇ ಗುಂಯ್ ಅಂತಾವಂತ,” ಎಂದ. ಅಕ್ಕ ನನ್ನ ಮುಖ ನೋಡಿದರು. ನಾನೇ ಎದ್ದು ನಿಲ್ಲಿಸಿದೆ. ಜನ ಒರಟರೆಂದು ತಿಳಿಯಬೇಡಿ. ಅವರಿಗೆ ಕುಣಿಯಲು ಕಲಿಸಿದ ಹಾಡನ್ನು ನಾನು ಕಿತ್ತುಕೊಳ್ಳಲು ಹೋಗಿದ್ದೆ. ಮೂಲ ಪ್ರತಿ ಈಗ ಕೆಟ್ಟ ಪ್ರತಿಗಳ ಕಪಾಟಿನಲ್ಲಿದೆ. ಅದನ್ನು ಕೇಳಲು ಅನುಮತಿ ಪಡೆದವಳು ನಾನೊಬ್ಬಳೇ.

ಹೀಗಾಗಿ, ನೀಲಗಂಗಾ ಅವರೇ, ನಿಮಗೆ ಸುದ್ದಿ ಎರಡಿದೆ. ನಿಮ್ಮ ಎರಡನೆಯ ಆಲ್ಬಮ್ ಈಗ ಈ ಸೀಮೆಯಲ್ಲೆಲ್ಲ ಪ್ರಸಿದ್ಧ. ಮಕ್ಕಳು ಅದರ ಗಿಟಾರನ್ನು ಬಾಯಲ್ಲಿ ನುಡಿಸುತ್ತ ನೀರಿಗೆ ಹೋಗುತ್ತಾರೆ. ನೀವು ಮಾಡಿದ ಆಲ್ಬಮ್ಮನ್ನಾದರೆ ಕೇಳುವವಳು ನಾನೊಬ್ಬಳೇ. ನಿಮ್ಮನ್ನು ಬೈದವರು ಗಿಟಾರ್ ಇಲ್ಲವೆಂದು ಬೈದರು, ಹೊಗಳುವವರು ಗಿಟಾರ್ ಇದೆಯೆಂದು ಹೊಗಳುತ್ತಿದ್ದಾರೆ. ಆ ಶೆಡ್ಡಿನಲ್ಲಿ ನೀವಿಬ್ಬರೂ ಏನು ಮಾಡಿದಿರೆಂದು ಕೇಳಿಸಿಕೊಂಡವರು ಆಗಲೂ ಇರಲಿಲ್ಲ, ಈಗಲೂ ನನ್ನ ಹೊರತು ಇಲ್ಲ.

ಒಂದು ಕೇಳಿಕೆಯಿದೆ. ಈ ಕಾಗದ ಮುಟ್ಟುವುದಾದರೆ ನೀವು ಆ ಆಂಪ್ ಮುಂದೆ ಮೈಕ್ ಇಡುವ ಮೊದಲು ಮುಟ್ಟಲಿ. ಸ್ಯಾಮ್ಸನ್ ಅವರ ಸಾವನ್ನು ಯಾವ ಪತ್ರಿಕೆಗೂ ಹೇಳಬೇಡಿ, ಬೆಂಗಳೂರಿನ ಹುಡುಗರಿಗೂ ಹೇಳಬೇಡಿ. ರೈಲಿನಲ್ಲಿ ನೀವು ಮೌಲಾಲಿಗೆ ಹೇಳಿದ ಮಾತು ಸರಿಯಾದದ್ದೇ. ಆದರೆ ಟೇಪು ತಿರುಗುತ್ತಿರುವಾಗ, ಮೊದಲ ಹಾಡಿಗಿಂತ ಮುಂಚೆ, ಅವರ ಹೆಸರನ್ನು ಒಂದು ಸಲ ಕರೆಯಿರಿ. ಹಾಡಾಗಿ ಬೇಡ. ಚಹಾ ಆಯಿತು ಬಾ ಎಂದು ಒಳಗಿದ್ದವರನ್ನು ಕರೆಯುವ ಹಾಗೆ ಕರೆದರೂ ಸಾಕು. ಉತ್ತರ ಬರಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಶುರು ಮಾಡಿ. ಆ ಕರೆಯೇ ಕೃತಿಯೊಳಗಿನ ನಿಮ್ಮ ಮಾತಾಗುತ್ತದೆ, ಯಾವ ಕಾಲದ ಹೊಲಿಗೆಯವರೂ ಅಲ್ಲಿ ಕೈಯಿಡಲಾರರು.

ದಿನಾ ಬೆಳಗ್ಗೆ ದನಿಮನೆಯ ಬಾಗಿಲು ತೆಗೆದ ಕೂಡಲೇ ಆ ಮೂಲ ಪ್ರತಿಯ ಮೊದಲ ಚೂರನ್ನು ಹಾಕಿ, ನಿಮ್ಮ ಕರೆ ಕೇಳಿಸೀತೇ ಎಂದು ನೋಡುತ್ತೇನೆ. ಇವತ್ತು ಗುಂಯ್ ಮಾತ್ರ ಇತ್ತು. ನಾಳೆ ಮತ್ತೆ ಕೇಳುತ್ತೇನೆ.

ಇಂತು,
ಸಾವಂತ್ರಿ