ಬಾನೆಟ್ಟಿನ ಕೊಕ್ಕೆ ಹಿಡಿಯಿತು

ನವೆಂಬರ್ ೧೬, ಭಾನುವಾರ

ಕಾರು ಹಳೆಯದು, ಅದಕ್ಕೇ ನಿಧಾನ ಓಡಿಸುತ್ತೇನೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜವೆಂದರೆ ನನಗೇ ಭಯ. ಓಡುವಾಗ ಬಾನೆಟ್ ಎದ್ದು ಗಾಜಿಗೆ ಬಡಿದರೆ ರಸ್ತೆಯೇ ಕಾಣುವುದಿಲ್ಲ. ಇನ್ನು ಅದರಲ್ಲಿ ತುಂಬು ಬಸುರಿ ಅಕ್ಕ ಕೂರಬೇಕು.

ಬಾನೆಟ್ಟಿನ ಲಾಕು ಹಿಡಿಯದ್ದಕ್ಕೆ ಕಟ್ಟಿದ್ದ ಹಗ್ಗವನ್ನು ಇವತ್ತು ಬಿಚ್ಚಿದೆ. ಲಾಕಿನೊಳಗೆ ಕಬ್ಬಿನ ತರಗಿನ ಪುಡಿ ಜಿಡ್ಡಿನ ಜೊತೆ ಗಟ್ಟಿಯಾಗಿತ್ತು. ಡೀಸೆಲ್ ಹಾಕಿ ಹಳೆಯ ಬ್ರಷ್ಷಿನಲ್ಲಿ ಉಜ್ಜಿದೆ.

ಅವ್ವ ನಕ್ಕಳು: "ನಿನ್ ಹಲ್ನೂ ಇಂಗೆ ಉಜ್ಕೊಂಡಿದ್ರೆ ಇಷ್ಟೊತ್ಗೆ ಯಾರಾದ್ರೂ ಎಣ್ಣು ಕೊಟ್ಟಿರೋರು ಕಣ್ಲಾ!"

ಹೊಸ ಗ್ರೀಸ್ ಹಚ್ಚಿ ಮುಚ್ಚಿದೆ. ಅವ್ವ ಕಾರಿನೊಳಗಿನ ಲಿವರ್ ಎಳೆದಳು. ಬಾನೆಟ್ ಒಂದು ಬೆರಳಷ್ಟು ಎದ್ದು, ಲಾಕು ಬಿಟ್ಟರೂ ಅದು ಹಾರದಂತೆ ತಡೆಯುವ ಎರಡನೇ ಕೊಕ್ಕೆಗೆ ಸಿಕ್ಕಿ ನಿಂತಿತು. ಎರಡೂ ಕೈಯಲ್ಲಿ ಎತ್ತಿದರೂ ಬಿಡಲಿಲ್ಲ. ಕುಣಿದುಬಿಟ್ಟೆ. ಸ್ಕೂಲು ಬಿಟ್ಟ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

ನಿದ್ದೆ ಬರುತ್ತಿಲ್ಲ. ನಾಳೆ ಅಕ್ಕನನ್ನು ಕರೆತರಲು ಕೆ.ಆರ್. ಪೇಟೆಗೆ ಹೊರಡುತ್ತೇನೆ.