ಪೆಟ್ರೋಲಿನಲ್ಲಿ ನೀರಿತ್ತೆಂದು ಬರೆದುಕೊಡಿ

ಪೆಟ್ರೋಲ್ ಪಂಪಿನ ಮಾಲೀಕರಿಗೆ ಜೋರಾಪುರ ಪೇಟೆಯ ಬಸಗೊಂಡಪ್ಪನ ನಮಸ್ಕಾರಗಳು.

ಕಳೆದ ಸೋಮವಾರ ಬೆಳಿಗ್ಗೆ ನಿಮ್ಮಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ತೀರಿಹೋದ ಅಣ್ಣನ ಮಣ್ಣಿಗೆಂದು ಹೊನವಾಡಕ್ಕೆ ಹೊರಟಿದ್ದೆ. ತೊರವಿ ದಾಟುತ್ತಲೇ ಬೈಕ್ ನಿಂತಿತು. ಫೋನ್ ಮಾಡಿ ಕರೆಸಿದ ಮೆಕ್ಯಾನಿಕ್ ಟ್ಯಾಂಕಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿದ. ತಳದಲ್ಲಿ ನಾಲ್ಕು ಬೆರಳು ನೀರು. ಎಲ್ಲ ತೆಗೆದು, ಬೈಕ್ ಚಾಲೂ ಆಗಿ, ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಬಾಟಲಿ ತೋರಿಸಿದರೂ ಅತ್ತಿಗೆ ನಂಬಲಿಲ್ಲ. "ಎಂಟು ವರ್ಷ ಈ ಮನಿ ಕಡೆ ಬರ್ಲಿಲ್ಲ. ಅಷ್ಟೂ ದಿನ ಗಾಡ್ಯಾಗ ನೀರ ಹೊಕ್ಕಿತ್ತೇನ್ರಿ?" ಎಂದರು.

ನನಗೆ ಪರಿಹಾರ ಬೇಡ. ಆ ದಿನ ನಿಮ್ಮ ಪೆಟ್ರೋಲಿನಲ್ಲಿ ನೀರಿತ್ತೆಂದು ಎರಡು ಸಾಲು ಬರೆದು, ಕೆಳಗೆ ಪಂಪಿನ ಶಿಕ್ಕಾ ಹೊಡೆದುಕೊಡಿ. ಅತ್ತಿಗೆಗೆ ಓದಲು ಬಾರದು, ಶಿಕ್ಕಾ ಕಂಡರೆ ನಂಬುತ್ತಾರೆ.

ಬೈಕ್ ನಿಂತದ್ದು ಒಂಬತ್ತೂವರೆಗೆ, ಅದನ್ನೂ ಬರೆಯಿರಿ. ಮೆಕ್ಯಾನಿಕ್‌ಗಾಗಿ ಕಾಯುತ್ತ ರಸ್ತೆಬದಿ ಕುಳಿತಿದ್ದಾಗ ಹೊನವಾಡದ ಬಸ್ಸುಗಳು ಎರಡು ಹೋದವು. ನಾನು ಕೈ ಮಾಡಲಿಲ್ಲ. ಅದನ್ನು ಬರೆಯುವುದು ಬೇಡ.

ನಿಮ್ಮ ಹಳೆಯ ಗಿರಾಕಿ,
ಬಸಗೊಂಡಪ್ಪ