ಗಡಿಗೆ ಕೂರುವ ಕುಳಿಗೆ ಸಿಮೆಂಟು ತುಂಬುವ ಮುನ್ನ

ಪಟ್ಟಣ ಚಂದಗಾಣಿಸುವ ಯೋಜನೆಯ ವಿಶೇಷಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ನಿಮ್ಮ ಗುತ್ತಿಗೆದಾರರ ಆಳುಗಳು ಶಹಾಬಾದಿನ ಹಳೆಯ ಸೇಂದಿ ಖಾನೆಗೆ ಬರಲಿದ್ದಾರೆ. ಅಲ್ಲಿನ ಕಲ್ಲಿನ ಕಟ್ಟೆಯ ಮೇಲಿರುವ ಕುಳಿಗಳಿಗೆಲ್ಲ ಸಿಮೆಂಟು ತುಂಬಿ, ಮೇಲೆ ನುಣ್ಣನೆಯ ಗ್ರಾನೈಟ್ ಹಾಸಲಿದ್ದಾರೆ. ಆ ಕುಳಿಗಳಲ್ಲಿ ಒಂದು ನನ್ನ ಅಜ್ಜನದು. ಅವನಿಗೆ ಬೇರೆ ಸಮಾಧಿ ಇಲ್ಲ. ಅದನ್ನು ಮುಚ್ಚಬೇಡಿ ಎಂದು ಕೇಳುವುದಕ್ಕೆ ಈ ಪತ್ರ. ಕಚೇರಿಗೆ ಬಂದು ಕೇಳಿಯಾಯಿತು, ಅರ್ಜಿ ಕೊಟ್ಟಾಯಿತು, ಬಾಗಿಲಲ್ಲಿ ಕಾದು ಕೂತಾಯಿತು. ಇನ್ನು ಉಳಿದಿರುವುದು ನಾಲ್ಕು ಜನರ ಮುಂದೆ ನಿಂತು ಕೇಳುವುದೊಂದೇ. ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಿಳಿದರೂ ಈಗ ನನಗೆ ಅದರ ಪರಿವೆ ಇಲ್ಲ.

ನನ್ನ ಪರಿಚಯ ನಿಮಗಿದೆ, ಓದುಗರಿಗೆ ಇಲ್ಲ. ನಾನು ವಾರವಿಡೀ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಊರು ತೋರಿಸುತ್ತೇನೆ. ರೈಲು ನಿಲ್ದಾಣದಿಂದ ಹೊರಟು, ಗೋಡೆ, ಮಾಳಿಗೆ, ಮೆಟ್ಟಿಲು ಎಲ್ಲವೂ ಫರಸಿ ಕಲ್ಲಿನದೇ ಆದ ಓಣಿಗಳಲ್ಲಿ ಹಾದು, ನೀರು ತುಂಬಿ ನಿಂತ ಹಳೆಯ ಕಲ್ಲಿನ ಖಣಿಯ ದಂಡೆಗೆ ಹೋಗಿ, ಕೊನೆಗೆ ಸೇಂದಿ ಖಾನೆಗೆ ಬಂದು ಕೂರುತ್ತೇವೆ. ಈಚಲು ಮರದ ಸೇಂದಿ ಅಲ್ಲಿ ಇಳಿಯುವುದು ನಿಂತು ಎಷ್ಟೋ ವರ್ಷವಾಯಿತು. ಈಗ ಮುಂದಿನ ಪಡಸಾಲೆಯಲ್ಲಿ ಬಾಬುಮಿಯಾ ಚಹಾ ಮಾರುತ್ತಾರೆ, ಸುಸಲಾ ಮತ್ತು ಮಿರ್ಚಿ ಭಜಿ ಸಿಗುತ್ತದೆ. ಕಲಬುರಗಿಯಿಂದ, ಹೈದರಾಬಾದಿನಿಂದ ಜನ ಬರುತ್ತಾರೆ. ಹೆಣ್ಣುಮಗಳೊಬ್ಬಳು ಕಂಡವರನ್ನೆಲ್ಲ ಹೆಂಡದ ಅಂಗಡಿಗೆ ಕರೆದೊಯ್ಯುತ್ತಾಳೆಂದು ಊರಲ್ಲಿ ಆಡಿಕೊಂಡರು. ನನ್ನ ಹಿಂದೆ 'ಸೇಂದಿ ಟೀಚರ್' ಎಂಬ ಹೆಸರೂ ಬಿತ್ತು. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನು ನಕ್ಕು, ಮುಂದಿನ ಭಾನುವಾರವೂ ಜನರನ್ನು ಕರೆದೊಯ್ದೆ.

ಹೀಗಿರುವಾಗ ನೀವು ಬಂದಿರಿ. ನಿಜ ಹೇಳುತ್ತೇನೆ, ನನಗೆ ಸಂತೋಷವಾಗಿತ್ತು. ಇಷ್ಟು ದೊಡ್ಡ ಅಧಿಕಾರಿ ಕಾರು ಬಿಟ್ಟು, ನಮ್ಮ ಓಣಿಯಲ್ಲಿ ಬೂಟಿಗೆ ಧೂಳು ಹಿಡಿಸಿಕೊಂಡು ನಡೆದರಲ್ಲ ಎಂದು ಹಿಗ್ಗಿದೆ. ನೀವು ಎಲ್ಲದಕ್ಕೂ ತಲೆದೂಗಿದಿರಿ. ವಿದೇಶದ ಊರುಗಳಲ್ಲಿ ನಡೆದು ಊರು ನೋಡುತ್ತ, ನಡುನಡುವೆ ಶತಮಾನಗಳಷ್ಟು ಹಳೆಯ ಮದ್ಯದಂಗಡಿಗಳಲ್ಲಿ ಕೂತು ಏಳುವ ಪ್ರವಾಸಗಳಿವೆ, ನಾನೂ ಹೋಗಿದ್ದೆ, ನಮ್ಮಲ್ಲೂ ಅಂಥದು ಬರಬೇಕು ಎಂದಿರಿ. ಬಂತು. ಎರಡು ತಿಂಗಳೊಳಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಒಂದೇ ದಾರದಲ್ಲಿ ಪೋಣಿಸಿ 'ಐದು ಊರು, ಐದು ಗುಟುಕು' ಎಂಬ ಯೋಜನೆ ಘೋಷಣೆಯಾಯಿತು. ಸೇಡಮ್ಮಿನಲ್ಲಿ ಹಳೆಯ ಸೇಂದಿ ಖಾನೆ ಉಳಿದಿಲ್ಲವಂತೆ, ಆದ್ದರಿಂದ ಹಳೆಯದೊಂದನ್ನು ಹೊಸದಾಗಿ ಕಟ್ಟುತ್ತೀರಂತೆ. ವಾಡಿ ರೈಲು ಬದಲಿಸುವವರು ಚಹಾ ಕುಡಿದು ಹೋಗುವ ಊರು. ಅಲ್ಲಿಗೂ ಒಂದು ಪುರಾತನ ಬಾರ್ ಮಂಜೂರಾಗಿದೆ, ಅದರ ಪುರಾತನತ್ವದ ಕಾಮಗಾರಿ ಮಾರ್ಚ್ ಒಳಗೆ ಮುಗಿಯಲಿದೆ. ಇವಕ್ಕೆಲ್ಲ ನನ್ನ ತಕರಾರಿಲ್ಲ. ಇಲ್ಲದ ಊರಲ್ಲಿ ಚರಿತ್ರೆ ಕಟ್ಟುವ ಉತ್ಸಾಹಕ್ಕಾಗಿ, ಇರುವ ಊರಲ್ಲಿ ಇರುವುದನ್ನು ಯಾಕೆ ಹೂಳಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಿಮ್ಮ ಎಂಜಿನಿಯರರು ಆ ಕುಳಿಗಳನ್ನು 'ಹಾಳಾದ ಮೇಲ್ಮೈ' ಎಂದು ಬರೆದಿದ್ದಾರೆ. ಗಾಜಿನ ಲೋಟ ಇಟ್ಟರೆ ವಾಲುತ್ತದೆ, ಪ್ರವಾಸಿಗರಿಗೆ ತೊಂದರೆ ಎಂದಿದ್ದಾರೆ. ವಾಲುತ್ತದೆ ಸ್ವಾಮಿ, ಅವು ಲೋಟಕ್ಕೆ ಮಾಡಿದವಲ್ಲ. ಸೇಂದಿ ಬರುತ್ತಿದ್ದುದು ದುಂಡು ತಳದ ಮಣ್ಣಿನ ಸಣ್ಣ ಗಡಿಗೆಯಲ್ಲಿ, ಅದು ಸಪಾಟು ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಖಣಿಗೆ ಹೊಸದಾಗಿ ಸೇರಿದ ಆಳು ಒಂದು ಸುಗ್ಗಿ ಕಲ್ಲು ಒಡೆದು, ಇವನು ಕೈ ಕಲಿತ ಎಂದು ಮೇಸ್ತ್ರಿ ಒಪ್ಪಿದ ಮೇಲೆ, ಜೊತೆಯವರ ಎದುರು ತನ್ನದೇ ಚಾಣ ಸುತ್ತಿಗೆಯಿಂದ ಆ ಕಟ್ಟೆಯ ಮೇಲೆ ತನ್ನ ಗಡಿಗೆಗೊಂದು ಕುಳಿ ಕೊರೆಯುತ್ತಿದ್ದ. ಅಂದಿನಿಂದ ಅದು ಅವನ ಜಾಗ. ಬೇರೆಯವರು ಅಲ್ಲಿ ಗಡಿಗೆ ಇಡುವಂತಿಲ್ಲ. ಅವನು ಸತ್ತರೆ ಗಡಿಗೆಯನ್ನು ಅಲ್ಲೇ ಒಡೆದು, ಕುಳಿಯನ್ನು ಖಾಲಿ ಬಿಡುತ್ತಿದ್ದರು. ಸಂಜೆ ಎಷ್ಟೇ ಜನ ತುಂಬಿದರೂ, ನಿಂತು ಕುಡಿದಾರೇ ಹೊರತು ಸತ್ತವನ ಕುಳಿಯ ಮುಂದೆ ಕೂರುತ್ತಿರಲಿಲ್ಲ. ಹಿರಿಯರ ಅಮಾವಾಸ್ಯೆಗೆ ಮನೆಯವರು ಬಂದು ಅದರಲ್ಲಿ ಒಂದಿಷ್ಟು ಸೇಂದಿ ಹುಯ್ದು ಹೋಗುತ್ತಿದ್ದರು. ಸೇಂದಿ ನಿಂತ ಮೇಲೆ ಬೆಲ್ಲದ ನೀರು. ಈ ಪದ್ಧತಿ ಇಂದಿಗೂ ನಡೆದಿದೆ. ನಿಮ್ಮ ಎಂಜಿನಿಯರರು ಅಮಾವಾಸ್ಯೆಯ ದಿನ ಬಂದಿದ್ದರೆ ಆ ಹಾಳಾದ ಮೇಲ್ಮೈಯಲ್ಲಿ ಇರುವೆ ಮುತ್ತಿದ್ದನ್ನಾದರೂ ಕಾಣುತ್ತಿದ್ದರು.

ನನ್ನ ಅಜ್ಜನ ಹೆಸರು ಬೀರಲಿಂಗ. ಕಾಳಗಿ ಕಡೆಯಿಂದ ಕುರಿ ಬಿಟ್ಟು ಕಲ್ಲಿಗೆ ಬಂದವನು. ಒಂದು ಮಳೆಗಾಲದಲ್ಲಿ ಖಣಿಯ ಗೋಡೆ ಕುಸಿದು, ಹಿಂದೆಯೇ ನೀರು ನುಗ್ಗಿ, ಒಳಗಿದ್ದವರು ಒಳಗೇ ಉಳಿದರು. ಕೆಲವರ ಹೆಣ ಸಿಕ್ಕಿತು, ಅಜ್ಜನದು ಸಿಗಲಿಲ್ಲ. ಅಂದಿನ ಗುತ್ತಿಗೆದಾರ ಅಂಥ ಹೆಸರಿನ ಆಳೇ ತನ್ನಲ್ಲಿ ಇರಲಿಲ್ಲ ಎಂದ. ಹೂಳಲು ಹೆಣವಿಲ್ಲ, ತೋರಿಸಲು ಹೆಸರಿಲ್ಲ. ನನ್ನ ಆಯಿ ಪೀರಮ್ಮ, ಎಂದರೆ ನಮ್ಮಪ್ಪನ ತಾಯಿ, ಆಗ ತುಂಬು ಪ್ರಾಯದವಳು, ಅಪ್ಪ ಸೊಂಟದ ಮೇಲಿದ್ದ. ಖಣಿಯ ದಂಡೆಯಲ್ಲಿ ಅತ್ತು ಅತ್ತು ಸಾಕಾಗಿ ಅವಳು ಎದ್ದು ಹೋದದ್ದು ಸೇಂದಿ ಖಾನೆಗೆ. ಗಂಡನ ಗಡಿಗೆ ಕೇಳಿ ಪಡೆದು, ಅವನ ಕುಳಿಯ ಅಂಚಿಗೆ ಬಡಿದು ಒಡೆದಳಂತೆ. ಅಲ್ಲಿಗೆ ಅವನ ಮಣ್ಣು ಮುಗಿಯಿತು.

ಕುಡಿತವನ್ನು ನಾನು ಹೊಗಳುತ್ತಿಲ್ಲ. ಅದರಿಂದ ಹಾಳಾದ ಮನೆಗಳು ನಮ್ಮ ಓಣಿಯಲ್ಲೇ ಇವೆ. ಅಜ್ಜನೂ ಕೂಲಿಯ ಒಂದು ಪಾಲನ್ನು ಅಲ್ಲೇ ಇಳಿಸಿ ಬರುತ್ತಿದ್ದವನೇ. ಅದೇ ಬಾಗಿಲಲ್ಲಿ ನಿಂತು ಆಯಿ ಅವನ ಹೆಸರೆತ್ತಿ ಬೈದು, ಕೊರಳಪಟ್ಟಿ ಹಿಡಿದು ಎಳೆತಂದದ್ದನ್ನು ಹಳಬರು ಈಗಲೂ ಹೇಳಿ ನಗುತ್ತಾರೆ. ಯಾವ ಬಾಗಿಲಿಂದ ಗಂಡನನ್ನು ಬಿಡಿಸಿ ತರಲು ಹೆಣಗಿದಳೋ, ಅದೇ ಬಾಗಿಲಿಗೆ ಅವಳು ಅವನಿಗೆ ಎಡೆ ಒಯ್ಯುತ್ತ ಮುದುಕಿಯಾದಳು. ಇದನ್ನೇ ನಾನು ಪ್ರವಾಸಿಗರಿಗೆ ಹೇಳುತ್ತಿದ್ದೆ.

ನಿಮಗೂ ಹೇಳಿದ್ದೆ. ಅಂದು ಆಯಿಯೂ ಅಲ್ಲಿದ್ದಳು, ದೊಡ್ಡ ಸಾಹೇಬರು ಬರುತ್ತಾರೆಂದು ಒಗೆದ ಸೀರೆ ಉಟ್ಟು ಬಂದಿದ್ದಳು. ಬಾಬುಮಿಯಾ ಚಹಾ ತಂದರು. ನೀವು ಮಾತಿನ ಭರದಲ್ಲಿ ಕಪ್ಪನ್ನು ಒಂದು ಕುಳಿಯ ಮೇಲಿಟ್ಟಿರಿ. ಆಯಿ ಕೈ ಮುಗಿದು ಹೇಳಿದಳು:

"ಸಾಹೇಬ್ರ, ಅಲ್ಲಿ ಇಡಬ್ಯಾಡ್ರಿ. ಅದು ನಮ್ಮ ಮನ್ಯಾವ್ರ ಜಾಗಾ ಅದ. ಇತ್ತಾಗ ಇಡ್ರಿ, ಭಾಳ ಜಾಗಾ ಅದ."

"ಅವರು ಎಲ್ಲಿದ್ದಾರಮ್ಮ ಈಗ?" ಎಂದು ನೀವು ಕೇಳಿದಿರಿ.

"ಖಣ್ಯಾಗ ಅದಾರ್ರಿ. ಇನ್ನಾ ಮ್ಯಾಲ ಬಂದಿಲ್ಲ."

ನಿಮ್ಮ ಜೊತೆ ಬಂದವರು ನಕ್ಕರು. ನೀವು ನಗಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ನೀವು ಕಪ್ಪು ಎತ್ತಿಕೊಂಡು 'ಸಾರಿ ಅಮ್ಮ' ಎಂದಿರಿ. ಅಷ್ಟು ಸೂಕ್ಷ್ಮ ಮನಸ್ಸಿನ ಮನುಷ್ಯ ಅದೇ ಕೈಯಿಂದ ಸಿಮೆಂಟು ತುಂಬುವ ನಕ್ಷೆಗೆ ಹೇಗೆ ಸಹಿ ಹಾಕಿದರು? ಓದದೆ ಹಾಕಿದಿರಾ? ಓದಿಯೂ ಹಾಕಿದಿರಾ? ಎರಡರಲ್ಲಿ ಯಾವುದಾದರೂ ಒಂದು ಉತ್ತರ ಸಿಕ್ಕಿದ್ದರೆ ನಾನು ಇಷ್ಟು ಕಂಗೆಡುತ್ತಿರಲಿಲ್ಲ.

ಉತ್ತರಕ್ಕಾಗಿ ನಿಮ್ಮನ್ನು ಹುಡುಕಿದ್ದೇನೆ. ಸೇಡಮ್ಮಿಗೆ ಹೋದರೆ ಸಾಹೇಬರು ಚಿತ್ತಾಪುರಕ್ಕೆ ಹೋದರು ಎಂದರು. ಚಿತ್ತಾಪುರಕ್ಕೆ ಹೋದರೆ ಚಿಂಚೋಳಿಯ ಚಂದಾಪುರದಲ್ಲಿ ಮೀಟಿಂಗು. ಶಾಲೆಗೆ ರಜೆ ಹಾಕಿ, ಬಸ್ಸು ಬದಲಿಸಿ ಚಂದಾಪುರ ತಲುಪಿದಾಗ ಮೀಟಿಂಗು ಮುಗಿದು ಖಾಲಿ ಕುರ್ಚಿಗಳಿದ್ದವು. ಮೊದಲು ನಾನು ಕೇಳಿದ್ದು ಇಡೀ ಕಟ್ಟಡವನ್ನು ಇದ್ದ ಹಾಗೇ ಬಿಡಿ ಎಂದು. ಆಗುವುದಿಲ್ಲ ಎಂದರು. ಹಾಗಾದರೆ ಕಟ್ಟೆಯನ್ನಷ್ಟು ಬಿಡಿ, ಸುತ್ತ ಏನು ಬೇಕಾದರೂ ಮಾಡಿಕೊಳ್ಳಿ ಎಂದೆ. ಡಿಸೈನು ಮಂಜೂರಾಗಿದೆ ಎಂದರು. ಕೊನೆಗೆ, ಉರಿಯುವ ಮನೆಯಲ್ಲಿ ಗಳ ಹಿರಿದಷ್ಟೇ ಲಾಭ ಎಂದುಕೊಂಡು, ಅಜ್ಜನ ಕುಳಿಯಿರುವ ಚಪ್ಪಡಿ ಒಂದನ್ನೇ ಕಿತ್ತು ಕೊಡಿ, ಮನೆಗೆ ಹೊತ್ತೊಯ್ಯುತ್ತೇವೆ ಎಂದೆ. ನಿಮ್ಮ ಸಹಾಯಕರು ಬಹಳ ವಿನಯದಿಂದಲೇ ಹೇಳಿದರು:

"ಮೇಡಂ, ಕಲ್ಲು ಸರ್ಕಾರಿ ಆಸ್ತಿ ಅದರಿ. ನಿಮಗ ಕೊಟ್ರ ನಾಳಿಗೆ ಆಡಿಟ್‌ನವ್ರು ನನ್ನ ಕೇಳ್ತಾರ. ಮುಚ್ಚಲಿಕ್ಕ ಬರ್ತದ, ಕೊಡಲಿಕ್ಕ ಬರಂಗಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅವರು ಇನ್ನೊಂದು ಸುದ್ದಿ ಹೇಳಿದರು. ಹೊಸ ಯೋಜನೆಯಲ್ಲಿ ನನಗೆ ಖಾಯಂ ಗೈಡ್ ಕೆಲಸವಂತೆ. ಐದೂ ಊರು ನನ್ನದೇ ಅಂತೆ. "ಆದ್ರ ಈ ಸತ್ತವ್ರ ಸುದ್ದಿ ಹೇಳಬ್ಯಾಡ್ರಿ, ಮಂದಿ ಕುಡಿಲಾಕ ಬರ್ತಾರ, ಅಳಲಾಕ ಅಲ್ಲ" ಎಂದರು. ನನಗೆ ಆ ಕೆಲಸ ಬೇಕಿತ್ತು, ಯಾಕೆ ಸುಳ್ಳು ಹೇಳಲಿ? ಖಾಸಗಿ ಶಾಲೆಯ ಕೆಲಸ ಇವತ್ತಿದ್ದರೆ ನಾಳೆ ಇಲ್ಲ. ಆದರೆ ಅಜ್ಜನ ಮೇಲೆ ಹಾಸಿದ ಗ್ರಾನೈಟಿಗೆ ಕೈ ತೋರಿಸಿ, ಇಲ್ಲಿ ಆರಾಮಾಗಿ ಗ್ಲಾಸು ಇಡಿ ಎಂದು ಪ್ರವಾಸಿಗರಿಗೆ ಹೇಗೆ ಹೇಳಲಿ? ಬರುವುದಿಲ್ಲ ಎಂದು ಅಲ್ಲೇ ಹೇಳಿ ಬಂದೆ. ವಾಪಸು ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತೆ.

ಮಾನ್ಯರೇ, ಚರಿತ್ರೆ ಎಂದರೆ ನಿಮ್ಮ ಕಡತದಲ್ಲಿ ಏನೆಂದು ಬರೆದಿದೆಯೋ ನನಗೆ ಗೊತ್ತಿಲ್ಲ. ರಾಜರು ಕುಡಿದ ಬಟ್ಟಲು ಸಿಕ್ಕಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾವಲು ಹಾಕುತ್ತಿದ್ದಿರಿ. ಕಲ್ಲು ಒಡೆದವರ ಗಡಿಗೆಯ ಗುರುತು ಸಿಕ್ಕರೆ ಮಾತ್ರ ನೆಲ ಸಪಾಟಾಗಬೇಕೇ? ಇಲ್ಲಿಯ ಕಲ್ಲು ಎಲ್ಲೆಲ್ಲಿಯ ಮನೆಗಳಿಗೋ ನೆಲವಾಗಿದೆ. ನೀವು ಕೂರುವ ಕಚೇರಿಯ ನೆಲವೂ ಫರಸಿಯದೇ, ನಾನು ನೋಡಿದ್ದೇನೆ. ಒಡೆದವರಿಗೆ ಉಳಿದದ್ದು ಅಂಗೈಯಗಲದ ಒಂದು ಕುಳಿ. ಸುತ್ತಮುತ್ತ ಸಿಮೆಂಟು ಕಾರ್ಖಾನೆಗಳಿರುವ ಈ ಸೀಮೆಯಲ್ಲಿ ಸಿಮೆಂಟಿಗೇನು ಬರವೇ, ಸುರಿಯಲು ಬೇರೆ ಜಾಗ ನಿಮಗೆ ಸಿಗಲೇ ಇಲ್ಲವೇ? ಕುಡಿಯುವವರು ಬರಲಿ ಸ್ವಾಮಿ, ಬೇಡ ಎಂದವರಾರು? ಅವರ ಮುಂದೆ ಒಂದು ಸ್ಟೂಲು ಹಾಕಿ ಗ್ಲಾಸು ಇಡಿಸಿ. ಇಷ್ಟು ದೊಡ್ಡ ಯೋಜನೆಗೆ ಒಂದು ಸ್ಟೂಲಿನ ಯೋಚನೆ ಹೊಳೆಯಲಿಲ್ಲವೇ?

ಆ ಸೋಮವಾರ ಕಳೆದು ಒಂದು ವಾರಕ್ಕೇ ಹಿರಿಯರ ಅಮಾವಾಸ್ಯೆ. ಆಯಿಗೆ ನಾನು ಇನ್ನೂ ಏನೂ ಹೇಳಿಲ್ಲ. ಕಣ್ಣು ಮಂಜಾಗಿದೆ, ಕಾಲು ತಡವರಿಸುತ್ತವೆ, ಆದರೂ ನಿನ್ನೆಯೇ ಬೆಲ್ಲ ತರಿಸಿ ಡಬ್ಬಿಗೆ ಹಾಕಿಟ್ಟಿದ್ದಾಳೆ. ನಾನು ಮುಖ ಮರೆಸಿಕೊಂಡು ಓಡಾಡುವುದನ್ನು ಕಂಡು ಇವತ್ತು ಬೆಳಿಗ್ಗೆ ಹತ್ತಿರ ಕರೆದಳು.

"ಯಾಕ ಅಂಬಿ, ಸಣ್ಣ ಮಾರಿ ಮಾಡ್ಕೊಂಡು ತಿರಗಾಕತ್ತಿ? ನಾ ಹ್ವಾದ್ರ ನಿಮ್ಮಜ್ಜಗ ಯಾರು ನೀರು ಹಾಕವ್ರು ಅಂತ ಚಿಂತಿ ಹತ್ತ್ಯದೇನು? ನೀ ಅದಿಯಲ್ಲ. ಜಾಗಾ ಗೊತ್ತದ ನಿನಗ."

ನಾನು ಹೂಂ ಎಂದೆ. ಖಣಿ ಅವಳ ಗಂಡನನ್ನು ನುಂಗಿದಾಗ ಅವಳು ತಡೆದುಕೊಂಡಳು. ಅಂಥ ಆಳೇ ಇರಲಿಲ್ಲ ಎಂದು ಗುತ್ತಿಗೆದಾರ ಹೇಳಿದಾಗಲೂ ತಡೆದುಕೊಂಡಳು, ಹೋಗಿ ತೋರಿಸಲು ಒಂದು ಕುಳಿ ಇತ್ತು. ಈಗ ಅದೂ ಹೋದರೆ ಈ ವಯಸ್ಸಿನಲ್ಲಿ ಅವಳು ಎರಡನೆಯ ಸಲ ಗಂಡನ ಹೆಣ ಹುಡುಕಬೇಕಾಗುತ್ತದೆ. ಅದನ್ನು ನೋಡುವ ಧೈರ್ಯ ನನಗಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಕೆಲಸ ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ಆ ಒಂದು ಚಪ್ಪಡಿ ಬಿಡಿ. ಅದೂ ಆಗದಿದ್ದರೆ, ಸಿಮೆಂಟು ಕಲಸುವ ಮೊದಲು ನೀವೇ ನಮ್ಮ ಮನೆಗೆ ಬನ್ನಿ. ಪತ್ರ ಕಳಿಸಬೇಡಿ, ಆಯಿಗೆ ಓದಲು ಬಾರದು. ಸಹಾಯಕರನ್ನು ಕಳಿಸಬೇಡಿ, ಅವಳು ನಂಬುವುದಿಲ್ಲ. ನೀವು ಬಂದರೆ ಅವಳು "ಬರ್ರಿ ಸಾಹೇಬ್ರ, ಕುಂದ್ರಿ" ಎಂದು ಚಾಪೆ ಹಾಸುತ್ತಾಳೆ. ಕೂತು, ಅವಳ ಮುಖ ನೋಡಿ, ಈ ಅಮಾವಾಸ್ಯೆಗೆ ನಿನ್ನ ಗಂಡನ ನೀರನ್ನು ಎಲ್ಲಿ ಹುಯ್ಯಬೇಕು ಎಂಬುದನ್ನು ನೀವೇ ಅವಳಿಗೆ ಹೇಳಿ ಹೋಗಿ.

ಇಂತಿ,
ಆಯಿಗೆ ಹೂಂ ಎಂದು ಬಂದು ಬಾಗಿಲ ಹಿಂದೆ ಕೂತಿರುವ,
ಅಂಬಿಕಾ
ಶಹಾಬಾದ್